ಮುಳುಗುಗಾರರ ಜೀವ ಕಾಯ್ದ ಹಾಲ್ಡೇನ್
ಗಡಹಿಂಗ್ಲಜ ಪೇಟೆಯಲ್ಲಿ ಗೋಟಿ ಸೋಡಾ ಒಡೆದಾಗ ಬುಸ್ ಅಂತ ಗುಳ್ಳೆ ಏಳುವುದನ್ನು ನೋಡಿಯೇ ಇರ್ತೀರಿ. ಆಳ ಸಮುದ್ರದಿಂದ ಗಡಬಡಿಸಿ ಮೇಲೆ ಬಂದವನ ರಕ್ತದಲ್ಲೂ ಸಾರಜನಕ ಹಾಗೇ ಗುಳ್ಳೆಗಟ್ಟುತ್ತದೆ. ಕೀಲು ಹಿಡಿಯುತ್ತವೆ, ಲಕ್ವಾ ಹೊಡೆಯುತ್ತದೆ, ಜೀವವೂ ಹೋದೀತು.

1860ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಡಾ. ಜಾನ್ ಸ್ಕಾಟ್ ಹಾಲ್ಡೇನ್ ಬ್ರಿಟಿಷ್ ನೌಕಾಪಡೆಗಾಗಿ ಇದರ ಬೆನ್ನು ಹತ್ತಿದರು. ಆಡುಗಳನ್ನು ಉಕ್ಕಿನ ಕೋಣೆಯಲ್ಲಿ ಕೂಡಿ, ಗಾಳಿಯ ಒತ್ತಡ ಏರಿಸಿ ಇಳಿಸಿ ನೋಡಿದರು. 1906ರಲ್ಲಿ 13 ವರ್ಷದ ಮಗನನ್ನೂ ಸಮುದ್ರಕ್ಕೆ ಇಳಿಸಿದರು. ಎಂಥಾ ಗಟ್ಟಿ ಗುಂಡಿಗೆ ನೋಡ್ರಿ! ಮೇಲೇರುವಾಗ ಎಲ್ಲೆಲ್ಲಿ, ಎಷ್ಟು ಹೊತ್ತು ತಡೆಯಬೇಕೆಂಬ ಕೋಷ್ಟಕ 1908ರಲ್ಲಿ ಹೊರಬಂತು.

ಗುಳ್ಳೆ ಎದ್ದವನನ್ನು ತಿರುಗಿ ಒತ್ತಡದ ಕೋಣೆಗೆ ಹಾಕಿ, ಆಮ್ಲಜನಕ ಕೊಟ್ಟು, ಒತ್ತಡವನ್ನು ನಿಧಾನಕ್ಕೆ ಇಳಿಸುವುದೇ ಇಂದಿಗೂ ಚಿಕಿತ್ಸೆ. ಹಾಲ್ಡೇನ್ 1936ರಲ್ಲಿ ತೀರಿಕೊಂಡರು. ಆ ಮಗ, ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ಕಣ್ಣುಮುಚ್ಚಿದರು.