ಆರಕ್ಕೆ ಏರಿ ಒಂದಕ್ಕೆ ಇಳಿದ ಸಂಖ್ಯೆ

ಕೆಲಸಕ್ಕಾಗಿ ಪರೀಕ್ಷೆ ಬರೆಯುವ ನಮ್ಮಂಥವರಿಗೆ ಸಾಮಾನ್ಯ ಜ್ಞಾನ ಹೇಗೋ ಸಾಗುತ್ತದೆ, ಅಂಕಗಣಿತ ಬಂದರೆ ಪೆನ್ನು ನಿಲ್ಲುತ್ತದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಓದುತ್ತಿರುವ ನನಗೆ ಆ ಅಳುಕು ಚೆನ್ನಾಗಿ ಗೊತ್ತು. ಗಣಿತವೆಂದರೆ ದೊಡ್ಡ ಊರಿನಲ್ಲಿ ಕೋಚಿಂಗ್ ಸೇರಿದವರ ಸ್ವತ್ತು ಎಂದೇ ನಾವು ಅಂದುಕೊಂಡಿದ್ದೇವೆ. ಆದರೆ ಕನ್ನಡ ನಾಡಿನ ಮಹಾವೀರಾಚಾರ್ಯರ ಬಗ್ಗೆ ಓದಿದ ಮೇಲೆ ನನ್ನ ಅಳುಕು ಕಡಿಮೆಯಾಗಿದೆ.

ಜೈನ ವಿದ್ವಾಂಸರಾದ ಅವರು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದವರು. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ದೊರೆಯ ಆಳ್ವಿಕೆಯಲ್ಲಿ. ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಆರ್ಯಭಟ, ಬ್ರಹ್ಮಗುಪ್ತರ ಪ್ರಸಿದ್ಧ ಗ್ರಂಥಗಳಲ್ಲಿ ಗಣಿತವು ಖಗೋಳದ ಜೊತೆಗೆ ಬರುತ್ತದೆ. ಇವರು ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು. ವ್ಯಾಪಾರ, ಸಂಗೀತ, ವೈದ್ಯ, ಅಡುಗೆ, ಕಟ್ಟಡ ಎಲ್ಲಕ್ಕೂ ಲೆಕ್ಕ ಬೇಕೆಂಬುದು ಅವರ ನಿಲುವು.

ದೊಡ್ಡ ಸಂಖ್ಯೆಗಳೆಂದರೆ ಅವರಿಗೆ ಪ್ರೀತಿ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಕಾಣುವ ಕೆಲವು ಗುಣಲಬ್ಧಗಳನ್ನು ರಾಜನ ಕೊರಳಿನ ಹಾರಕ್ಕೆ ಹೋಲಿಸಿದರು. 139 ಅನ್ನು 109ರಿಂದ ಗುಣಿಸಿದರೆ 15151 ಬರುತ್ತದೆ. ಒಂದರಿಂದ ಆರಕ್ಕೆ ಏರಿ ಮತ್ತೆ ಇಳಿಯುವುದೆಂದು ಅವರು ವರ್ಣಿಸಿದ ಸಂಖ್ಯೆ 12345654321.

ಈ ಹನ್ನೊಂದು ಅಂಕಿಗಳನ್ನು ನೋಡಿ ಹೆದರಬೇಕಿಲ್ಲ, ಇದು 111111ರ ವರ್ಗ. 111111 ಅನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಸಿಗುತ್ತವೆ. 3 ಮತ್ತು 7 ಸೇರಿ 21, ಉಳಿದ ಮೂರು ಸೇರಿ 5291. ಹಾಗಾಗಿ 21ರ ವರ್ಗವಾದ 441 ಅನ್ನು 5291ರ ವರ್ಗವಾದ 27994681ರಿಂದ ಗುಣಿಸಿದರೂ ಅದೇ 12345654321. ಹೈಸ್ಕೂಲಿನಲ್ಲಿ ಕಲಿತ ಅಪವರ್ತನ ಬಿಟ್ಟು ಇಲ್ಲಿ ಬೇರೇನೂ ಇಲ್ಲ.

ಪರೀಕ್ಷೆಗಳಲ್ಲಿ ನಮ್ಮನ್ನು ಕಾಡುವ ಲಸಾಅವನ್ನು ಭಿನ್ನರಾಶಿಗಳನ್ನು ಕೂಡಲು ಅವರು ಆಗಲೇ ಬಳಸಿದ್ದರು. ಅವರು ಅದನ್ನು ಕರೆದದ್ದು ನಿರುದ್ಧ ಎಂದು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂಬ ಅವರ ಮಾತನ್ನು ಮಾತ್ರ ಇಂದಿನ ಗಣಿತ ಒಪ್ಪುವುದಿಲ್ಲ. ಅಂಥ ಪಂಡಿತರೂ ಒಂದು ಕಡೆ ಎಡವಿದ್ದಾರೆಂದರೆ, ಒಂದೆರಡು ಲೆಕ್ಕ ತಪ್ಪಿದ್ದಕ್ಕೆ ನಾವು ಗಣಿತವನ್ನೇ ಬಿಡಬೇಕೇ?

ಅವರ ಗ್ರಂಥವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಪ್ರಕಟವಾಯಿತು. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಕನ್ನಡದಲ್ಲೇ ಗಣಿತ ಹೇಳಿದ. ಹೀಗಿರುವಾಗ ಗಣಿತ ನಮ್ಮದಲ್ಲ ಎನ್ನಲು ಕಾರಣವೇ ಇಲ್ಲ. ಗೆಳೆಯರೇ, ಕ್ಯಾಲ್ಕುಲೇಟರ್ ಬದಿಗಿಟ್ಟು 12345679 ಅನ್ನು ಒಮ್ಮೆ 9ರಿಂದ ಗುಣಿಸಿ. ಇನ್ನೊಂದು ಹಾರ ನಿಮ್ಮ ಕೈಯಲ್ಲೇ ಮೂಡುತ್ತದೆ.