ಸಿಂಪಿಯಂತೆ ಮುಚ್ಚಿಕೊಂಡ ಗಡಿಯಾರ

ಬಿಡದಿಯಲ್ಲಿ 2005ರಲ್ಲಿ ವಂಡರ್‌ಲಾ ಆರಂಭವಾದ ಮೇಲೆ ಬೆಂಗಳೂರಿನ ಮಧ್ಯಮ ವರ್ಗದ ರಜಾದಿನಗಳು ಮೈಸೂರು ರಸ್ತೆಯತ್ತ ಹೊರಳಿವೆ. ನೀರಿನ ಜಾರುಬಂಡಿ ಸಾಕೆನಿಸಿದವರು ರಾಮನಗರದ ಬಂಡೆಗಳನ್ನು ಹಗ್ಗ ಹಿಡಿದು ಹತ್ತುತ್ತಾರೆ. ಇನ್ನೂ ಮುಂದೆ ಹೋದವರು ಕನಕಪುರದ ಆಚೆ, ಸಂಗಮದ ಬಳಿ ಕಾವೇರಿಯಲ್ಲಿ ಹರಿಗೋಲು ಏರುತ್ತಾರೆ. ಮುಂಗೈಯಲ್ಲಿರುವ ವಾಚನ್ನು ಬಿಚ್ಚಿಡಬೇಕೇ ಬೇಡವೇ ಎಂಬುದು ಇವರೆಲ್ಲರಿಗೂ ಎದುರಾಗುವ ಪ್ರಶ್ನೆ. ಹಿಂಬದಿಯಲ್ಲಿ 30 ಮೀಟರ್ ಎಂದು ಕೊರೆದಿರುವುದನ್ನು ನಂಬಿ ನೀರಿಗಿಳಿದವರು ಸಂಜೆಯ ಹೊತ್ತಿಗೆ ಗಾಜಿನೊಳಗೆ ಮಂಜು ಕವಿದಿರುವುದನ್ನು ಕಾಣುತ್ತಾರೆ.

ವಾಚು ನೀರಿನಲ್ಲಿಯೂ ನಡೆಯಬೇಕೆಂಬ ನಮ್ಮ ನಿರೀಕ್ಷೆಗೆ ವಯಸ್ಸು ಕೇವಲ ನೂರು ವರ್ಷ. ಆ ನಿರೀಕ್ಷೆಯನ್ನು ಜನಸಾಮಾನ್ಯರ ಮನಸ್ಸಿನಲ್ಲಿ ಬಿತ್ತಿದವನು ಹ್ಯಾನ್ಸ್ ವಿಲ್ಸ್‌ಡಾರ್ಫ್. ಅವನ ಹೆಸರು ಗೊತ್ತಿಲ್ಲದವರಿಗೂ ಅವನು ಕಟ್ಟಿದ ರೋಲೆಕ್ಸ್ ಗೊತ್ತು.

ವಿಲ್ಸ್‌ಡಾರ್ಫ್ ಹುಟ್ಟಿದ್ದು 1881ರಲ್ಲಿ, ಜರ್ಮನಿಯ ಬವೇರಿಯಾ ಪ್ರಾಂತ್ಯದ ಕುಲ್ಮ್‌ಬಾಖ್ ಎಂಬ ಸಣ್ಣ ಊರಿನಲ್ಲಿ. ಹನ್ನೆರಡರ ಹರೆಯದಲ್ಲಿಯೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಸೋದರಮಾವಂದಿರು ಮನೆಯ ವ್ಯಾಪಾರವನ್ನು ಮಾರಿ, ಮಕ್ಕಳನ್ನು ವಸತಿ ಶಾಲೆಗೆ ಸೇರಿಸಿದರು. ಆಸರೆ ತಪ್ಪಿದ ಹುಡುಗ ಗಣಿತ ಮತ್ತು ಭಾಷೆಗಳನ್ನು ಹಿಡಿದುಕೊಂಡ. ಅದೇ ಇಂಗ್ಲಿಷ್ ಅವನನ್ನು 1900ರ ಸುಮಾರಿಗೆ ಸ್ವಿಟ್ಜರ್‌ಲೆಂಡಿನ ಲಾ ಷೋ-ದ-ಫೋನ್‌ನ ಗಡಿಯಾರ ರಫ್ತು ಸಂಸ್ಥೆಯೊಂದರ ಪತ್ರವ್ಯವಹಾರದ ಗುಮಾಸ್ತಿಕೆಗೆ ತಲುಪಿಸಿತು. ದಿನವೂ ನೂರಾರು ಜೇಬುಗಡಿಯಾರಗಳಿಗೆ ಕೀ ಕೊಟ್ಟು, ಸರಿಯಾದ ಸಮಯ ತೋರಿಸುತ್ತಿವೆಯೇ ಎಂದು ನೋಡುವುದೂ ಅವನ ಕೆಲಸವಾಗಿತ್ತು. ಅವನು ಗಡಿಯಾರ ತಯಾರಿಕೆಯ ಕಸುಬುದಾರನಲ್ಲ, ಕೊನೆಯವರೆಗೂ ಆಗಲಿಲ್ಲ. ಆದರೆ ಗಡಿಯಾರ ಎಲ್ಲಿ ಸೋಲುತ್ತದೆಂಬುದು ಅವನಿಗೆ ಅಲ್ಲಿಯೇ ತಿಳಿದಿರಬೇಕು.

1905ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಡೇವಿಸ್ ಜೊತೆಗೂಡಿ ಸ್ವಂತ ವ್ಯಾಪಾರ ಆರಂಭಿಸಿದ. ಮುಂಗೈಗೆ ಕಟ್ಟುವ ಗಡಿಯಾರ ಆಗ ಹೆಂಗಸರ ಆಭರಣವೆನಿಸಿತ್ತು. ಗಂಡಸರ ಅಂತಸ್ತು ಜೇಬಿನ ಸರಪಳಿಯಲ್ಲಿತ್ತು. ಅಷ್ಟು ಚಿಕ್ಕ ಯಂತ್ರ ಸಮಯವನ್ನು ನಿಖರವಾಗಿ ಕಾಯಲಾರದೆಂದು ತಜ್ಞರು ಮೂಗು ಮುರಿಯುತ್ತಿದ್ದರು. ವಿಲ್ಸ್‌ಡಾರ್ಫ್ ವಾದಕ್ಕಿಳಿಯದೆ ಪರೀಕ್ಷೆಗಿಳಿದ. 1908ರಲ್ಲಿ ಯಾವ ಭಾಷೆಯವರಿಗೂ ನಾಲಗೆ ತೊಡರದ, ಗಡಿಯಾರದ ಮುಖದ ಮೇಲೆ ಹಿಡಿಸುವಷ್ಟು ಚಿಕ್ಕದಾದ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿದ. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ಅವನ ಪುಟ್ಟ ಗಡಿಯಾರವೊಂದನ್ನು 45 ದಿನ, ಬೇರೆ ಬೇರೆ ಭಂಗಿ ಮತ್ತು ಉಷ್ಣತೆಗಳಲ್ಲಿ ಪರೀಕ್ಷಿಸಿ ‘ಎ’ ದರ್ಜೆಯ ಪ್ರಮಾಣಪತ್ರ ನೀಡಿತು. ಅದುವರೆಗೆ ಹಡಗಿನ ಗಡಿಯಾರಗಳು ಹೆಮ್ಮೆಪಡುತ್ತಿದ್ದ ಗೌರವವದು.

ಅದೇ ವರ್ಷ ಯುದ್ಧ ಆರಂಭವಾಯಿತು. ಕಂದಕದಲ್ಲಿ ಕುಳಿತ ಸೈನಿಕ ಕೋಟಿನ ಗುಂಡಿ ಬಿಚ್ಚಿ ಗಡಿಯಾರ ತೆಗೆಯಲಾರ. ಕೈಗಡಿಯಾರ ಗಂಡಸರ ಮುಂಗೈಗೆ ಬಂದದ್ದು ಹೀಗೆ, ಫ್ಯಾಷನ್ನಿನಿಂದಲ್ಲ. ಆದರೆ ಜರ್ಮನ್ ಹೆಸರು ಹೊತ್ತ ಸಂಸ್ಥೆಗೆ ಲಂಡನ್ನಿನಲ್ಲಿ ಅದು ಒಳ್ಳೆಯ ಕಾಲವಾಗಿರಲಿಲ್ಲ. 1915ರಲ್ಲಿ ಸಂಸ್ಥೆ ರೋಲೆಕ್ಸ್ ಎಂಬ ಹೆಸರನ್ನೇ ತೊಟ್ಟಿತು. ಆಮದಾದ ಗಡಿಯಾರಗಳ ಮೇಲೆ ಬ್ರಿಟಿಷ್ ಸರ್ಕಾರ ಭಾರೀ ಸುಂಕ ಹೇರಿತು. 1919ರಲ್ಲಿ ವಿಲ್ಸ್‌ಡಾರ್ಫ್ ಜಿನೀವಾಕ್ಕೆ ಬಿಡಾರ ಬದಲಾಯಿಸಿದ.

ನಿಖರತೆ ಸಾಧಿಸಿದರೂ ಧೂಳು, ಬೆವರು, ನೀರಿನ ಕಾಟ ತಪ್ಪಲಿಲ್ಲ. ಇವು ಒಳಹೋಗುತ್ತಿದ್ದುದು ಮುಖ್ಯವಾಗಿ ಕೀ ಕೊಡುವ ಗುಂಡಿಯ ರಂಧ್ರದಿಂದ. 1925ರಲ್ಲಿ ಪೆರೆಗೋ ಮತ್ತು ಪೆರೆ ಎಂಬ ಇಬ್ಬರು ಸ್ವಿಸ್ ಕುಶಲಿಗಳು, ಬಾಟಲಿಯ ತಿರುಪು ಮುಚ್ಚಳದಂತೆ ಗುಂಡಿಯನ್ನೇ ತಿರುಗಿಸಿ ಬಿಗಿಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದರು. ವಿಲ್ಸ್‌ಡಾರ್ಫ್ ಅದನ್ನು ಕೊಂಡುಕೊಂಡ. ಹಿಂಬದಿಯ ಮುಚ್ಚಳ, ಗಾಜು ಹಿಡಿದಿಡುವ ಬಳೆ, ಗುಂಡಿ ಮೂರನ್ನೂ ತಿರುಪಿನಿಂದ ಬಿಗಿದ ಗಡಿಯಾರ 1926ರಲ್ಲಿ ಹೊರಬಂತು. ಹೆಸರು ಆಯಿಸ್ಟರ್, ಅಂದರೆ ಸಿಂಪಿ. ನೀರು ತಡೆಯುವ ಗಡಿಯಾರಕ್ಕೆ ಅವನಿಗಿಂತ ಮೊದಲೂ ಪ್ರಯತ್ನಗಳಾಗಿದ್ದವು. ಅವನ ಹೆಚ್ಚುಗಾರಿಕೆ ಇನ್ನೊಬ್ಬರ ಬುದ್ಧಿಯನ್ನು ಗುರುತಿಸಿ, ಬೆಲೆ ಕೊಟ್ಟು, ಬಳಕೆಗೆ ತಂದುದರಲ್ಲಿದೆ.

ಇನ್ನು ಜನ ನಂಬಬೇಕಲ್ಲ. 1927ರ ಅಕ್ಟೋಬರ್ 7ರಂದು ಮರ್ಸಿಡಿಸ್ ಗ್ಲೈಟ್ಸೆ ಎಂಬ ಲಂಡನ್ನಿನ ಬೆರಳಚ್ಚುಗಾರ್ತಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಬ್ರಿಟಿಷ್ ಮಹಿಳೆಯಾದಳು. ಕೆಲವೇ ದಿನಗಳಲ್ಲಿ ಇನ್ನೊಬ್ಬಾಕೆ ತಾನೂ ದಾಟಿದೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದದ್ದರಿಂದ ಗ್ಲೈಟ್ಸೆಯ ಸಾಧನೆಯ ಮೇಲೂ ಅನುಮಾನದ ನೆರಳು ಬಿತ್ತು. ಅದನ್ನು ಕಳೆಯಲು ಆಕೆ ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿದಳು. ಈ ಸಲ ಆಕೆಯ ಕೊರಳಲ್ಲಿ ವಿಲ್ಸ್‌ಡಾರ್ಫ್ ಕಳಿಸಿದ ಆಯಿಸ್ಟರ್ ಇತ್ತು. ನೀರು ಮೊದಲಿಗಿಂತ ತಣ್ಣಗಿತ್ತು; ಹತ್ತು ಗಂಟೆಗೂ ಮಿಕ್ಕಿ ಈಜಿದ ಆಕೆಯನ್ನು ಅರೆಪ್ರಜ್ಞೆಯ ಸ್ಥಿತಿಯಲ್ಲಿ ದೋಣಿಗೆ ಎತ್ತಿಕೊಳ್ಳಬೇಕಾಯಿತು. ದಡ ಸಿಗಲಿಲ್ಲ. ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ನವೆಂಬರ್ 24ರಂದು ‘ಡೈಲಿ ಮೇಲ್’ ಪತ್ರಿಕೆಯ ಮುಖಪುಟವನ್ನೇ ವಿಲ್ಸ್‌ಡಾರ್ಫ್ ಜಾಹೀರಾತಿಗೆ ಕೊಂಡ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದಿಗೂ ಬಹಳ ಮಂದಿ ಆ ಗಡಿಯಾರ ಕಾಲುವೆ ದಾಟಿತೆಂದೇ ತಿಳಿದಿದ್ದಾರೆ. ದಾಟಿದ ದಿನ ಗಡಿಯಾರವಿರಲಿಲ್ಲ, ಗಡಿಯಾರವಿದ್ದ ದಿನ ದಾಟಲಿಲ್ಲ. ಹತ್ತು ಗಂಟೆ ಹಿಮದಂಥ ಉಪ್ಪುನೀರಿನಲ್ಲಿ ಯಂತ್ರ ಕೆಡಲಿಲ್ಲವೆಂಬುದು ತನ್ನಷ್ಟಕ್ಕೇ ದೊಡ್ಡ ಸಂಗತಿ; ಅದಕ್ಕೆ ಗೆಲುವಿನ ಬಣ್ಣ ಬೇಕಿರಲಿಲ್ಲ. ನಂತರ ಅಂಗಡಿಗಳ ಕಿಟಕಿಯಲ್ಲಿ ಮೀನಿನ ತೊಟ್ಟಿಯಿಟ್ಟು, ಅದರೊಳಗೆ ನಡೆಯುವ ವಾಚನ್ನು ಮುಳುಗಿಸಿ ತೋರಿಸಿದ್ದು ಹೆಚ್ಚು ಪ್ರಾಮಾಣಿಕವಾದ ಜಾಹೀರಾತು ಎನ್ನಬೇಕು.

ಒಂದು ದೋಷ ಉಳಿದಿತ್ತು. ದಿನವೂ ಕೀ ಕೊಡಲು ಗುಂಡಿ ಬಿಚ್ಚಬೇಕು. ಮತ್ತೆ ಬಿಗಿಯಲು ಮರೆತರೆ ಸಿಂಪಿ ಬಾಯಿ ತೆರೆದಂತೆಯೇ. 1931ರಲ್ಲಿ, ಕೈಯ ಚಲನೆಯಿಂದಲೇ ಸುತ್ತುವ ತೂಕವೊಂದನ್ನು ಅಳವಡಿಸಿ, ದಿನನಿತ್ಯ ಕೀ ಕೊಡುವ ಅಗತ್ಯವನ್ನೇ ರೋಲೆಕ್ಸ್ ತಪ್ಪಿಸಿತು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೆರೆಶಿಬಿರಗಳಲ್ಲಿದ್ದ ಬ್ರಿಟಿಷ್ ಯೋಧರ ಗಡಿಯಾರಗಳನ್ನು ಕಸಿದುಕೊಳ್ಳಲಾಗಿತ್ತು. ಅವರು ಪತ್ರ ಬರೆದರೆ, ಹಣ ಯುದ್ಧ ಮುಗಿದ ಮೇಲೆ ಕೊಟ್ಟರಾಯಿತೆಂದು ಹೊಸ ಗಡಿಯಾರ ಕಳಿಸುವ ಏರ್ಪಾಡನ್ನು ವಿಲ್ಸ್‌ಡಾರ್ಫ್ ಮಾಡಿದ. ಬದುಕಿ ಬರುತ್ತಾರೋ ಇಲ್ಲವೋ ತಿಳಿಯದವರಿಗೆ ಸಾಲ! ವ್ಯಾಪಾರಿಯ ಲೆಕ್ಕಾಚಾರ ಅದರಲ್ಲಿ ಇದ್ದಿರಬಹುದು. ಆದರೆ ಯುದ್ಧ ಮುಗಿಯುತ್ತದೆ, ನೀವು ಮನೆಗೆ ಹೋಗುತ್ತೀರಿ ಎಂಬ ಭರವಸೆಯನ್ನು ಜರ್ಮನಿಯಲ್ಲಿ ಹುಟ್ಟಿದವನೊಬ್ಬ ಹೀಗೆ ಕಳಿಸಿದ. 1944ರಲ್ಲಿ ಪತ್ನಿ ಫ್ಲಾರೆನ್ಸ್ ತೀರಿಕೊಂಡಳು, ಮಕ್ಕಳಿರಲಿಲ್ಲ. ತನ್ನ ಹೆಸರಿನ ಪ್ರತಿಷ್ಠಾನಕ್ಕೆ ಸಂಸ್ಥೆಯ ಒಡೆತನವನ್ನು ಬಿಟ್ಟುಕೊಟ್ಟ. ಇಂದಿಗೂ ರೋಲೆಕ್ಸ್‌ನ ಮಾಲೀಕತ್ವ ಆ ಪ್ರತಿಷ್ಠಾನದ್ದೇ.

1953ರಲ್ಲಿ ಎವರೆಸ್ಟ್ ಹತ್ತಿದ ತಂಡದೊಂದಿಗೆ ರೋಲೆಕ್ಸ್ ಇತ್ತು, ಬ್ರಿಟನ್ನಿನ ಸ್ಮಿತ್ಸ್ ಗಡಿಯಾರವೂ ಇತ್ತು. 1960ರ ಜನವರಿಯಲ್ಲಿ ತ್ರಿಯೆಸ್ತೆ ಎಂಬ ಜಲಾಂತರ ನೌಕೆಯ ಹೊರಮೈಗೆ ಕಟ್ಟಿದ ವಿಶೇಷ ಗಡಿಯಾರ, ಪೆಸಿಫಿಕ್ ಸಾಗರದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿ ಮೇಲೆ ಬಂತು. ಅದೇ ಜುಲೈ 6ರಂದು ವಿಲ್ಸ್‌ಡಾರ್ಫ್ ನಿಧನನಾದ.

ಮರುವರ್ಷ, 1961ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಗಡಿಯಾರ ತಯಾರಿಸತೊಡಗಿತು. ಆ ಸಿಟಿಜನ್ 1959ರಲ್ಲಷ್ಟೇ ಜಪಾನಿನ ಮೊದಲ ನೀರುನಿರೋಧಕ ವಾಚನ್ನು ತಂದಿತ್ತು. 1983ರಲ್ಲಿ ಅದೇ ದೇಶದ ಕ್ಯಾಸಿಯೊ, ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದೆಂಬ ಗುರಿಯಿಂದ ಜಿ-ಶಾಕ್ ರೂಪಿಸಿತು. ವಿಲ್ಸ್‌ಡಾರ್ಫ್ ಕನಸಿದ ಗಟ್ಟಿತನ ಇಂದು ರಾಮನಗರದ ಬಂಡೆ ಹತ್ತುವ ಕಾಲೇಜು ಹುಡುಗನಿಗೆ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ರೋಲೆಕ್ಸ್ ಎಂಬ ಹೆಸರಿಲ್ಲದೆ.

ಕೊಳ್ಳುವವರು ನೋಡಬೇಕಾದ್ದು ಅವನು ನೋಡಿದ್ದನ್ನೇ: ಗುಂಡಿ, ಹಿಂಬದಿ, ಗಾಜು. 30 ಮೀಟರ್ ಎಂಬುದು ನಿಂತ ನೀರಿನ ಒತ್ತಡದ ಲೆಕ್ಕ. ಕೈತೊಳೆಯುವಾಗಿನ ಹನಿಗೆ ಸಾಕು, ಈಜಿಗೆ ಸಾಲದು. ಜಾರುಬಂಡಿ, ಹರಿಗೋಲಿನ ಆಟಕ್ಕೆ 100 ಮೀಟರ್ ಇರಲಿ. ನೀರಿನಾಳಕ್ಕೆ ಧುಮುಕುವವರು 200 ಮೀಟರಿನದನ್ನೇ ಆರಿಸಲಿ. ಚರ್ಮದ ಬೆಲ್ಟು ಬೇಡ. ಒಳಗಿನ ರಬ್ಬರ್ ಉಂಗುರ ಬಿಸಿನೀರು, ಸೋಪು, ವಯಸ್ಸಿನಿಂದ ಗಡುಸಾಗುತ್ತದೆ. ಬ್ಯಾಟರಿ ಬದಲಿಸಲು ಹಿಂಬದಿ ತೆರೆಸಿದಾಗಲೆಲ್ಲ ಅದನ್ನೂ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸಿದ ನಂತರವೇ ನೀರಿಗಿಳಿಯುವುದು ಲೇಸು.