ಹಡಗು ತಂದ ರಾಬರ್ಟ್ ಸ್ಮಾಲ್ಸ್

ಗೆಳೆಯರೇ, ಈ ಸಲದ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದ ತಕ್ಷಣ ಗಾಂಧೀಜಿ, ವಿಶ್ವೇಶ್ವರಯ್ಯ ಎಲ್ಲರನ್ನೂ ನೀವೇ ಹಂಚಿಕೊಂಡುಬಿಟ್ಟಿರಿ. ನನಗೆ ಉಳಿದದ್ದು ಅಮೆರಿಕದ ಅಬ್ರಹಾಂ ಲಿಂಕನ್. ಅವರ ಬಗ್ಗೆ ಓದುವಾಗ ಅವರನ್ನು ಭೇಟಿಯಾದ ಒಬ್ಬ ಹಡಗಿನವರ ವಿಷಯ ಸಿಕ್ಕಿತು. ನನಗೆ ಲಿಂಕನ್‌ಗಿಂತ ಇವರೇ ಇಷ್ಟವಾದರು.

ರಾಬರ್ಟ್ ಸ್ಮಾಲ್ಸ್ 1839ರ ಏಪ್ರಿಲ್ 5ರಂದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಬ್ಯೂಫರ್ಟ್ ಎಂಬ ಊರಿನಲ್ಲಿ ಜನಿಸಿದರು. ಇವರ ತಾಯಿ ಲಿಡಿಯಾ ಗುಲಾಮರಾಗಿದ್ದರು. ಆದ್ದರಿಂದ ಮಗುವೂ ಹುಟ್ಟುತ್ತಲೇ ಗುಲಾಮ. ಗುಲಾಮ ಅಂದ್ರೆ ಜೀತದಾಳಿಗಿಂತಲೂ ಕಷ್ಟ. ಸಂತೆಯಲ್ಲಿ ದನ ಮಾರಿದ ಹಾಗೆ ಮಾರಬಹುದಿತ್ತು. ಗುಲಾಮರಿಗೆ ಅಕ್ಷರ ಕಲಿಸುವುದು ಆ ರಾಜ್ಯದಲ್ಲಿ ಅಪರಾಧವಾಗಿತ್ತು. ಹನ್ನೆರಡು ವರ್ಷಕ್ಕೇ, ಅಂದ್ರೆ ನನಗಿಂತ ಒಂದು ವರ್ಷ ಚಿಕ್ಕವರಿದ್ದಾಗ, ಅವರನ್ನು ಚಾರ್ಲ್ಸ್‌ಟನ್ ಬಂದರಿಗೆ ದುಡಿಯಲು ಕಳಿಸಿದರು. ಅಲ್ಲಿ ಬೀದಿದೀಪ ಹಚ್ಚಿದರು, ಮೂಟೆ ಹೊತ್ತರು, ಹಡಗು ನಡೆಸುವುದನ್ನೂ ಕಲಿತರು.

1861ರಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿ ಯುದ್ಧ ಶುರುವಾಯಿತು. ಸ್ಮಾಲ್ಸ್ ದಕ್ಷಿಣದವರ ಪ್ಲಾಂಟರ್ ಎಂಬ ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದರು. 1862ರ ಮೇ 13, ಇನ್ನೂ ಕತ್ತಲು. ಬಿಳಿಯ ಅಧಿಕಾರಿಗಳು ಹಡಗು ಬಿಟ್ಟು ಊರೊಳಗೆ ಹೋಗಿದ್ದರು. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು ಹಡಗು ಹೊರಡಿಸಿಯೇ ಬಿಟ್ಟರು! ಇನ್ನೊಂದು ಕಡೆ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಸಮ್ಟರ್ ಕೋಟೆಯ ಮುಂದೆ ಬಂದಾಗ ಸರಿಯಾದ ಸೀಟಿ ಹೊಡೆಯದಿದ್ದರೆ ಫಿರಂಗಿ ಹಾರುತ್ತಿತ್ತು. ಹೊಡೆದರು. ಕಾವಲಿನವರು ಕ್ಯಾಪ್ಟನ್ನೇ ಅಂದುಕೊಂಡು ಬಿಟ್ಟುಬಿಟ್ಟರು. ಆಮೇಲೆ ಬಿಳಿ ಬಟ್ಟೆ ಏರಿಸಿ ಲಿಂಕನ್ ಕಡೆಯ ಹಡಗಿನ ಹತ್ತಿರ ಹೋದರು. ಒಟ್ಟು 16 ಜನ ಸ್ವತಂತ್ರರಾದರು. ಇದನ್ನು ನಾನು ಮೂರು ಸಲ ಓದಿದೆ.

ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ಹೋಯಿತು. ಆದ್ರೆ ಓಟು? ರಾಜ್ಯಗಳು ತಾವಾಗಿ ಕೊಡಲಿಲ್ಲ. 1867ರಲ್ಲಿ ಕೇಂದ್ರವೇ ಸೈನ್ಯ ಇಟ್ಟು ಕಪ್ಪು ಗಂಡಸರ ಹೆಸರು ಪಟ್ಟಿಗೆ ಸೇರಿಸಿತು. ಬಣ್ಣ ನೋಡಿ ಓಟು ತಪ್ಪಿಸಬಾರದು ಅಂತ 1870ರಲ್ಲಿ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂತು. (ಹೆಂಗಸರಿಗೆ ಆಗಲೂ ಇಲ್ಲ.) ದೊಡ್ಡವರಾದ ಮೇಲೆ ಓದು ಕಲಿತ ಸ್ಮಾಲ್ಸ್, ಎಲ್ಲ ಮಕ್ಕಳಿಗೂ ಪುಕ್ಕಟೆ ಶಾಲೆ ಬೇಕೆಂದು 1868ರಲ್ಲಿ ರಾಜ್ಯದ ಸಂವಿಧಾನ ಸಭೆಯಲ್ಲಿ ಕೇಳಿದರು. 1875ರಲ್ಲಿ ಕಾಂಗ್ರೆಸ್ ಸದಸ್ಯರಾದರು. ಕಾಂಗ್ರೆಸ್ ಅಂದ್ರೆ ಅಲ್ಲಿಯ ಪಾರ್ಲಿಮೆಂಟು, ನಮ್ಮ ಪಕ್ಷ ಅಲ್ಲ.

1877ರಲ್ಲಿ ಕೇಂದ್ರ ತನ್ನ ಸೈನ್ಯ ವಾಪಸು ಕರೆಸಿಕೊಂಡಿತು. ಅಲ್ಲಿಂದ ಮೋಸ ಶುರು. 1882ರಲ್ಲಿ ಆ ರಾಜ್ಯ ಎಂಟು ಪೆಟ್ಟಿಗೆ ಕಾನೂನು ಮಾಡಿತು. ಒಂದೊಂದು ಹುದ್ದೆಗೆ ಒಂದೊಂದು ಪೆಟ್ಟಿಗೆ. ಮೇಲೆ ಬರೆದದ್ದನ್ನು ಓದಿ ಹಾಕಬೇಕು. ತಪ್ಪು ಪೆಟ್ಟಿಗೆಗೆ ಹಾಕಿದರೆ ಆ ಓಟು ರದ್ದು. ಓದು ಕಲಿಸಬಾರದು ಅಂದವರೂ ಅವರೇ, ಓದಕ್ಕೆ ಬರಲ್ಲ ಅಂತ ಓಟು ಕಿತ್ತುಕೊಂಡವರೂ ಅವರೇ. ನಮ್ಮ ಅಜ್ಜಿಗೂ ಓದಕ್ಕೆ ಬರಲ್ಲ, ಚಿಹ್ನೆ ನೋಡಿ ಓಟು ಹಾಕ್ತಾರೆ. ಇದನ್ನು ಓದಿ ಹೇಳಿದಾಗ ಅಜ್ಜಿ ಅವರನ್ನು ಚೆನ್ನಾಗಿ ಬೈದರು. ಬೈದದ್ದನ್ನು ಇಲ್ಲಿ ಬರೆಯಲ್ಲ.

1890ರಲ್ಲಿ ಚುನಾವಣೆಗಳ ಮೇಲೆ ಕೇಂದ್ರವೇ ಕಣ್ಣಿಡಲು ಒಂದು ಮಸೂದೆ ಬಂತು. ಕೆಳಮನೆ ಒಪ್ಪಿತು, ಮೇಲ್ಮನೆ ಒಪ್ಪಲಿಲ್ಲ. 1895ರಲ್ಲಿ ದಕ್ಷಿಣ ಕೆರೊಲಿನಾ ಹೊಸ ಸಂವಿಧಾನವನ್ನೇ ಬರೆಯಿತು. ಓಟಿಗೆ ತೆರಿಗೆ ಕಟ್ಟಬೇಕು, ಸಂವಿಧಾನ ಓದಿ ತೋರಿಸಬೇಕು, ಇಲ್ಲವೇ ಆಸ್ತಿ ಇರಬೇಕು. ಎಲ್ಲೂ ಬಣ್ಣದ ಮಾತೇ ಇಲ್ಲ! ಹಾಗಾಗಿ 15ನೇ ತಿದ್ದುಪಡಿಗೆ ಸಿಕ್ಕಿಬೀಳಲಿಲ್ಲ. ಆ ಸಭೆಯಲ್ಲಿ ಕಪ್ಪು ಜನ ಆರೇ ಮಂದಿ. 56 ವರ್ಷದ ಸ್ಮಾಲ್ಸ್ ಎದ್ದು ವಾದಿಸಿದರು, ಸೋತರು. ಆದರೆ ಆ ಸಂವಿಧಾನಕ್ಕೆ ರುಜು ಮಾತ್ರ ಹಾಕಲಿಲ್ಲ.

ಸ್ಮಾಲ್ಸ್ 1915ರ ಫೆಬ್ರವರಿ 23ರಂದು ಬ್ಯೂಫರ್ಟಿನಲ್ಲೇ ತೀರಿಕೊಂಡರು. ತಾವು ಗುಲಾಮರಾಗಿದ್ದ ಯಜಮಾನನ ಮನೆಯನ್ನೇ ಯುದ್ಧದ ಕಾಲದಲ್ಲಿ ಕೊಂಡುಕೊಂಡಿದ್ದರು, ಪ್ರಾಣ ಬಿಟ್ಟದ್ದೂ ಅದೇ ಮನೆಯಲ್ಲಿ. ಅವರು ಸತ್ತು 50 ವರ್ಷವಾದ ಮೇಲೆ, 1965ರಲ್ಲಿ, ಕೇಂದ್ರ ಮತದಾನ ಹಕ್ಕು ಕಾಯಿದೆ ತಂದಿತು. ಮೋಸ ಮಾಡಿದ್ದ ರಾಜ್ಯಗಳು ಓಟಿನ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಾಯಿತು. ದಕ್ಷಿಣ ಕೆರೊಲಿನಾ ಇದರ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಿ 1966ರಲ್ಲಿ ಸೋತಿತು. ಆದರೆ 2013ರಲ್ಲಿ ಅದೇ ಕೋರ್ಟು, ಯಾವ ರಾಜ್ಯಗಳು ಒಪ್ಪಿಗೆ ಕೇಳಬೇಕು ಅಂತ ಗೊತ್ತುಮಾಡುವ ಕಲಮು ಹಳೆಯದಾಯಿತು ಎಂದು ತೆಗೆದುಹಾಕಿತು. ಮುಂದೇನಾಯ್ತು ಅಂತ ಅಜ್ಜಿ ದಿನಾ ಕೇಳ್ತಿದ್ದಾರೆ.